ಆನೆಗಳನ್ನು ಹಿಡಿದು ಆನೆಗಳನ್ನು ಅರಿತವನು

ಕನ್ನಡ ನಿಘಂಟುಗಳ ಚರಿತ್ರೆಯನ್ನು ಬಲ್ಲವರಿಗೆ ಸ್ಯಾಂಡರ್ಸನ್ ಎಂಬ ಹೆಸರು ಹೊಸದಲ್ಲ. ರೀವ್ ಪಾದ್ರಿಗಳ ಕನ್ನಡ-ಇಂಗ್ಲಿಷ್ ಕೋಶವನ್ನು ತಿದ್ದಿ, ಹಿಗ್ಗಿಸಿ, 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದವರು ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್. ಅವರ ಮಗ ಜಾರ್ಜ್ ಸ್ಯಾಂಡರ್ಸನ್ ಪ್ರಸಿದ್ಧನಾದುದು ಶಬ್ದಗಳಿಂದಲ್ಲ, ಆನೆಗಳಿಂದ.

1848ರಲ್ಲಿ ಜನಿಸಿದ ಈತ 1864ರಲ್ಲಿ ಮೈಸೂರು ಸೀಮೆಗೆ ಬಂದ. ಕನ್ನಡ ಕಲಿತು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸರ್ಕಾರದ ಕಾಲುವೆ ಇಲಾಖೆಯನ್ನು ಸೇರಿದ. ನಾನಿರುವ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥಕ್ಕೆ ಕಟ್ಟಿದಂಥ ಹಳೆಯ ಅಣೆಗಳಿಂದ ಹೊರಟು, ನೂರಾರು ಮೈಲಿ ಹರಿಯುತ್ತಿದ್ದ ನಾಲೆಗಳ ಮೇಲ್ವಿಚಾರಣೆ ಆತನದು. ಆ ಸಂಚಾರದಲ್ಲಿ ಚಾಮರಾಜನಗರದ ಕಡೆ ಆನೆಗಳು ಬೆಳೆ ತುಳಿಯುವುದನ್ನು ಕಂಡು, ಹಿಂಡನ್ನೇ ಹಿಡಿಯುವೆನೆಂದು ಸರ್ಕಾರಕ್ಕೆ ಬರೆದುಕೊಂಡ.

ಅಲ್ಲಿಯವರೆಗೆ ಇಲ್ಲಿ ರೂಢಿಯಲ್ಲಿದ್ದುದು ಗುಂಡಿ ತೋಡುವ ಪದ್ಧತಿ. ಅದರಲ್ಲಿ ಬಿದ್ದ ಆನೆಗಳು ಅಂಗಭಂಗವಾಗಿ ಸಾಯುತ್ತಿದ್ದುದೇ ಹೆಚ್ಚು. ಹಿಂದೆ ಕಾಕನಕೋಟೆಯ ಕಾಡಿನಲ್ಲಿ ಹೈದರಾಲಿ ಹಿಂಡು ಹಿಡಿಯಲು ಹೋಗಿ ಸೋತು, ಮುಂದೆ ಯಾರೂ ಗೆಲ್ಲಲಾರರೆಂದು ಕಲ್ಲಿನಲ್ಲಿ ಬರೆಸಿದನಂತೆ. 1874ರಲ್ಲಿ ಸ್ಯಾಂಡರ್ಸನ್ ಖೆಡ್ಡಾ ಮಾಡಿ ಒಮ್ಮೆಗೇ ಐವತ್ತಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿದ. ಸುತ್ತುವರಿದ ಕಂದಕದೊಳಗೆ ತಾಯಿ, ಮಗಳು, ಮರಿ ಎಲ್ಲವೂ ಒಟ್ಟಿಗೇ ಸಿಕ್ಕಿದುವು.

ಆನೆಯ ಬಾಳನ್ನು ಆತ ಅರಿತುದೂ ಈ ಕೆಲಸದಲ್ಲಿಯೇ. 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಹಿಂಡೆಂದರೆ ಒಂದು ಮನೆತನ, ಅದರ ಮುಂದಾಳು ಹೆಣ್ಣು, ಮೇವು ವಿರಳವಾದಾಗ ಅದು ಸಣ್ಣ ಗುಂಪುಗಳಾಗಿ ಒಡೆದರೂ ಸಂಬಂಧ ಕಡಿಯುವುದಿಲ್ಲ ಎಂಬುದನ್ನು ತಿಳಿಸಿದ. ಆನೆಯ ಎತ್ತರವನ್ನು ಕುರಿತ ಉತ್ಪ್ರೇಕ್ಷೆಗಳನ್ನು ಅಳತೆಪಟ್ಟಿಯಿಂದ ಕಳೆದ. 1892ರಲ್ಲಿ, ನಲವತ್ತನಾಲ್ಕು ವರ್ಷವೂ ಮೀರದ ವಯಸ್ಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡ.

ಆತ ಆರಂಭಿಸಿದ ಖೆಡ್ಡಾ ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ಅನಂತರ ಆ ನೆಲದ ಬಹುಭಾಗ ಕಬಿನಿಯ ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಹುಲ್ಲು ಚಿಗುರುತ್ತದೆ. ಆನೆಗಳು ಮೇಯಲು ಬರುತ್ತವೆ. 2009ರಿಂದ ಈಚೆಗೆ ವಿಜ್ಞಾನಿ ಟಿ.ಎನ್.ಸಿ. ವಿದ್ಯಾ ಅವರೂ ಅವರ ಸಂಗಡಿಗರೂ ಕಿವಿಯ ಹರಕು, ಬಾಲದ ಕೂದಲು, ದಂತದ ಬಾಗುಗಳಿಂದ ಒಂದೊಂದು ಆನೆಯನ್ನೂ ಗುರುತಿಸಿ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಒಂದು ದಿನ ಕಂಡ ಗುಂಪು ದೊಡ್ಡ ಕುಲವೊಂದರ ಅಂಶಮಾತ್ರ. ಕುಲದೊಳಗೆ ಒಡನಾಡಿಗಳು ಬದಲಾಗುತ್ತಾರೆ, ಕುಲದ ಹೊರಗೆ ಸ್ನೇಹ ಅಪರೂಪ ಎಂದು ಅವರು ಕಂಡುಕೊಂಡಿದ್ದಾರೆ. ಇದಕ್ಕೂ ಮೊದಲು, 2005ರಲ್ಲಿ, ಅವರೂ ಆರ್. ಸುಕುಮಾರ್ ಅವರೂ ಲದ್ದಿಯಿಂದ ಪಡೆದ ಡಿಎನ್‌ಎಯನ್ನು ಪರೀಕ್ಷಿಸಿ, ಗುಂಪಿನ ಹೆಣ್ಣಾನೆಗಳು ಒಂದೇ ತಾಯಿಯ ಬಳಿಗೆ ಸೇರಿದವೆಂಬುದನ್ನು ತೋರಿಸಿದ್ದರು.

ಸ್ಯಾಂಡರ್ಸನ್ ಸ್ಥೂಲವಾಗಿ ಕಂಡದ್ದು ಹೀಗೆ ಸೂಕ್ಷ್ಮವಾಗಿ ಸಿದ್ಧವಾಯಿತು. ಆದರೆ ಆತನ ಅರಿವಿಗೆ ಆನೆಗಳು ತೆತ್ತ ಬೆಲೆ ದೊಡ್ಡದು. ಹಿಂಡು ಒಂದು ಸಂಸಾರವೆಂದು ಸ್ಪಷ್ಟವಾಗಿ ಬರೆದವನೇ ಆ ಸಂಸಾರವನ್ನು ಬಿಡಿಬಿಡಿಯಾಗಿ ಹಗ್ಗ ಹಾಕಿ ಎಳೆಸಿದ. ಇದಕ್ಕಾಗಿ ಆತನನ್ನು ಕ್ರೂರಿಯೆಂದು ತಳ್ಳಿಹಾಕುವುದು ಸುಲಭ. ಗುಂಡಿಯ ಕ್ರೌರ್ಯವನ್ನು ಖಂಡಿಸಿದವನೂ ಅವನೇ ಎಂಬುದನ್ನು ಮರೆಯಬಾರದು. ತಾನು ಕಂಡ ಸತ್ಯವನ್ನು ತನ್ನ ಕೈಯ ಕೆಲಸಕ್ಕೆ ಅನ್ವಯಿಸಿಕೊಳ್ಳುವುದು ಯಾವ ಕಾಲದವರಿಗೂ ಕಷ್ಟವೇ. ಹಗ್ಗವಿಲ್ಲದೆ, ದೂರದಲ್ಲಿ ನಿಂತು, ತಾಳ್ಮೆಯಿಂದ ನೋಡಿಯೂ ಆನೆಯನ್ನು ಅರಿಯಬಹುದೆಂಬುದನ್ನು ಇಂದು ಕಬಿನಿಯ ದಡ ನಮಗೆ ಕಲಿಸುತ್ತಿದೆ.