ಪಾಲ್ ಎರ್ಲಿಕ್

ದೇಹವನ್ನು ಹೊಕ್ಕ ವಿಷವನ್ನು ಗುರುತಿಸಿ, ಅದನ್ನು ಮಾತ್ರವೇ ಹಿಡಿಯುವ ಪ್ರೋಟೀನುಗಳು ರಕ್ತದಲ್ಲಿ ಉಂಟಾಗುತ್ತವೆ. ಇವೇ ಪ್ರತಿಕಾಯಗಳು. ಇವುಗಳ ಬಲವನ್ನು ಅಳೆಯಲು ಕಲಿಸಿದವರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅಗ್ರಗಣ್ಯನು.

ಎರ್ಲಿಕ್ 1854ರ ಮಾರ್ಚ್ 14ರಂದು, ಈಗ ಪೋಲೆಂಡಿಗೆ ಸೇರಿರುವ ಸ್ಟ್ರೇಲೆನ್ ಎಂಬ ಊರಿನಲ್ಲಿ ಜನಿಸಿದನು. ವೈದ್ಯ ವಿದ್ಯಾರ್ಥಿಯಾಗಿದ್ದಾಗ ಅವನ ಮನಸ್ಸನ್ನು ಸೆಳೆದುದು ಬಟ್ಟೆಗೆ ಹಾಕುವ ಕೃತಕ ಬಣ್ಣಗಳು. ಅಂಗಾಂಶದ ತೆಳುವಾದ ಪದರಕ್ಕೆ ಬಣ್ಣವೂಡಿದರೆ ಅದು ಎಲ್ಲ ಜೀವಕೋಶಗಳಿಗೂ ಒಂದೇ ತೆರನಾಗಿ ಅಂಟುವುದಿಲ್ಲ. ಕೆಲವನ್ನು ಮಾತ್ರ ಆರಿಸಿಕೊಳ್ಳುತ್ತದೆ. ದೇಹದ ಅಂಗಗಳನ್ನು ಬೆಸೆದು ಹಿಡಿದಿರುವ ಸಂಯೋಜಕ ಅಂಗಾಂಶದಲ್ಲಿ ಅಡಗಿದ್ದ ಮಾಸ್ಟ್ ಕೋಶಗಳನ್ನು ಅವನು ಹೀಗೆ ಗುರುತಿಸಿ, 1878ರ ತನ್ನ ಪ್ರಬಂಧದಲ್ಲಿ ವರ್ಣಿಸಿದನು.

ಕ್ಷಯರೋಗದ ಸೂಕ್ಷ್ಮಾಣುಗಳಿಗೆ ಬಣ್ಣವೂಡುವ ಉತ್ತಮ ವಿಧಾನವನ್ನು 1882ರಲ್ಲಿ ರೂಪಿಸಿದ ಎರ್ಲಿಕ್, ಮುಂದೆ ತಾನೇ ಆ ರೋಗಕ್ಕೆ ತುತ್ತಾದನು. ಈಜಿಪ್ಟಿನಲ್ಲಿ ಚೇತರಿಸಿಕೊಂಡು 1889ರಲ್ಲಿ ಬರ್ಲಿನ್ನಿಗೆ ಹಿಂದಿರುಗಿದನು. ಅಲ್ಲಿ ಇಲಿಗಳಿಗೆ ಹರಳು ಬೀಜದ ಅಥವಾ ಗುಲಗಂಜಿಯ ವಿಷವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಕ್ರಮೇಣ ಹೆಚ್ಚಿಸುತ್ತ ಕೊಟ್ಟನು. ಕಡೆಗೆ, ಇತರ ಇಲಿಗಳನ್ನು ಕೊಲ್ಲಬಲ್ಲಷ್ಟು ವಿಷವನ್ನೂ ಅವು ತಾಳಿಕೊಂಡವು. ಆದರೆ ಹರಳಿನ ವಿಷಕ್ಕೆ ಒಗ್ಗಿದ ಇಲಿಗೆ ಗುಲಗಂಜಿಯ ವಿಷದಿಂದ ರಕ್ಷಣೆಯಿರಲಿಲ್ಲ. ಬಣ್ಣದಂತೆಯೇ ಪ್ರತಿಕಾಯವೂ ತನಗೆ ಹೊಂದುವುದನ್ನು ಮಾತ್ರ ಹಿಡಿಯುವುದೆಂದು ಅವನು ಅರಿತನು.

ಆ ಕಾಲದಲ್ಲಿ ಗಂಟಲಮಾರಿಯು ಅಸಂಖ್ಯ ಮಕ್ಕಳನ್ನು ಉಸಿರುಕಟ್ಟಿಸಿ ಕೊಲ್ಲುತ್ತಿತ್ತು. ಬೇರಿಂಗ್ ಮತ್ತು ಕಿಟಾಸಾಟೊ 1890ರಲ್ಲಿ ಪ್ರತಿವಿಷದ ಮಾರ್ಗವನ್ನು ತೋರಿಸಿದ್ದರು. ಆದರೆ ಪ್ರಾಣಿಗಳ ರಕ್ತದಿಂದ ತೆಗೆದ ಸೀರಮ್ಮಿನ ಬಲ ಒಂದೊಂದು ಸಲ ಒಂದೊಂದು ಬಗೆಯಾಗಿತ್ತು. ದುರ್ಬಲವಾದುದನ್ನು ಕೊಟ್ಟರೆ ಮಗು ಉಳಿಯುವ ಭರವಸೆಯಿರಲಿಲ್ಲ. ಎರ್ಲಿಕ್ ಒಂದು ಸೀರಮ್ಮನ್ನು ಒಣಗಿಸಿ, ಗಾಳಿ ಬೆಳಕು ಸೋಕದಂತೆ ಕಾಪಾಡಿ, ಉಳಿದವನ್ನು ಅದರೊಡನೆ ಹೋಲಿಸಿ ಅಳೆಯುವ ಕ್ರಮವನ್ನು 1897ರಲ್ಲಿ ಪ್ರಕಟಿಸಿದನು. ಅಂದಿನಿಂದ ವೈದ್ಯರು ಸೀರಮ್ಮನ್ನು ನಂಬಿ ಕೊಡುವಂತಾಯಿತು.

1908ರಲ್ಲಿ ಮೆಚ್ನಿಕಾಫನೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1915ರ ಆಗಸ್ಟ್ 20ರಂದು ಅವನು ಕಾಲವಾದನು.

ಬಣ್ಣ ಮತ್ತು ಪ್ರತಿಕಾಯಗಳೆಂಬ ಅವನ ಎರಡು ದಾರಿಗಳು ಮುಂದೆ ಒಂದಾದವು. ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಜೋಡಿಸಿದರು. ಸಂಯೋಜಕ ಅಂಗಾಂಶದ ನಾರುಗಳನ್ನು ಕರಗಿಸುವ ಕಿಣ್ವಗಳು ದೇಹದಲ್ಲಿವೆ. ಅವುಗಳನ್ನು ಹತೋಟಿಯಲ್ಲಿಡುವ ಪ್ರೋಟೀನುಗಳೂ ಇವೆ. ಈ ಸಮತೋಲ ಕೆಟ್ಟರೆ ಕೀಲುಗಳು ಸವೆಯಬಹುದು. ಕಿಣ್ವವನ್ನು ತಡೆಯುವ ಆ ಪ್ರೋಟೀನು ಅಂಗಾಂಶದಲ್ಲಿ ಎಲ್ಲಿದೆ, ಎಷ್ಟಿದೆ ಎಂಬುದನ್ನು ಇಂದು ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಗಳು ತೋರಿಸಿಕೊಡುತ್ತವೆ. ಒಂದು ವಸ್ತು ತನಗೆ ಹೊಂದುವುದನ್ನೇ ಹಿಡಿಯುತ್ತದೆ ಎಂದು ಎರ್ಲಿಕ್ ಕಂಡ ಸತ್ಯವೇ ಈ ಪರೀಕ್ಷೆಗಳಿಗೆ ಆಧಾರ.