ಬಿದಿರಿನ ವಿಮಾನದ ನಕ್ಷೆಯನ್ನು ಬಿಟ್ಟಿ ಹಂಚಿದವನು

ಅಣಶಿಯ ನಮ್ಮ ಮನೆ ಕೊಟ್ಟಿಗೆಯ ಜಂತಿಗೆ ಒಂದು ವಿಮಾನದ ಅಸ್ಥಿಪಂಜರ ನೇತುಹಾಕಿದ್ದೇವೆ. ಪೂರ್ತಿ ಬಿದಿರಿನದು. ಉದ್ದನೆಯ ಮೂರು ಗಳ, ನಡುನಡುವೆ ಅಡ್ಡಪಟ್ಟಿ, ಹಿಂದೆ ಬಾಲ ಸಿಕ್ಕಿಸಬೇಕಾದ ಜಾಗದಲ್ಲಿ ಗ್ಯಾರೇಜಿನಿಂದ ತಂದ ಒಂದು ಹಳೇ ಕೀಲು. ರೆಕ್ಕೆ ಇಲ್ಲ, ಎಂಜಿನ್ ಇಲ್ಲ. ಲಾಕ್‌ಡೌನ್ ವರ್ಷ ನಾನು ಮತ್ತು ಐಟಿಐ ಮುಗಿಸಿ ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದ ನನ್ನ ಮಾವನ ಮಗ ಸೇರಿ ಕಟ್ಟಲು ಹೊರಟಿದ್ದು ಅದು. ನಕ್ಷೆ ಮಾತ್ರ ನಮ್ಮದಲ್ಲ. ಅದು 1910ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಆ ಪುಟಗಳನ್ನು ಡೌನ್‌ಲೋಡ್ ಮಾಡಿಕೊಳ್ಳೋಕೆ ನಮಗೆ ಒಂದು ಇಡೀ ಮಧ್ಯಾಹ್ನ ಹಿಡೀತು.

ಆ ವಿಮಾನವನ್ನು ಮೊದಲು ಕಟ್ಟಿ ಹಾರಿಸಿ, ಯಾರು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟುಕೊಟ್ಟವನು ಬ್ರೆಜಿಲ್‌ನ ಆಲ್ಬರ್ಟೊ ಸಾಂತೋಸ್ ಡುಮಾಂಟ್. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸ ಇವತ್ತು ಜಗತ್ತಿನ ಎಷ್ಟೋ ದೇಶಗಳಲ್ಲಿದೆ. ಡಬ್ಬಿಯಲ್ಲಿ ಬಿಡಿಭಾಗ ತರಿಸಿ ಜೋಡಿಸುವವರಿದ್ದಾರೆ, ಬರೀ ನಕ್ಷೆ ಕೊಂಡು ಮೊಳೆಯಿಂದ ಹಿಡಿದು ಎಲ್ಲ ತಾವೇ ಮಾಡುವವರಿದ್ದಾರೆ. ನಮ್ಮ ಬೆಂಗಳೂರಿನ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ಬರೆದ ಲಾಂಗ್ ಇಝಿ ಎಂಬ ವಿಮಾನದ ವಿನ್ಯಾಸ ಹಿಡಿದೇ ಒಂದು ಪುಟ್ಟ ವಿಮಾನ ಕಟ್ಟಿ ಹಾರಿಸಿ ಕೈ ಪಳಗಿಸಿಕೊಂಡಿತು. ಮುಂದೆ ಹಂಸ ಬಂತು. ಈ ಇಡೀ ವಂಶವೃಕ್ಷದ ಬೇರಿನ ಹತ್ತಿರ ಸಾಂತೋಸ್ ಡುಮಾಂಟ್‌ನ ಬಿದಿರು ಇದೆ.

ಅವನ ಕತೆಗೆ ಹೋಗೋ ಮುಂಚೆ ಒಂದು ಮಾತು. ಶಾಲೆಯಲ್ಲಿ ನಾವು ಕೇಳಿದ್ದು ಬೇರೆ ಕತೆ. 1895ರಲ್ಲಿ ಮುಂಬೈಯ ಕಡಲತೀರದಲ್ಲಿ ಶಿವಕರ ಬಾಪೂಜಿ ತಲ್ಪಡೆ ವಿಮಾನ ಹಾರಿಸಿದ್ದರು, ರೈಟ್ ಸಹೋದರರು ನಮ್ಮ ನಂತರ ಬಂದವರು ಅಂತ. ಕೇಳಿದಾಗ ಎದೆ ಉಬ್ಬಿತ್ತು, ಸುಳ್ಳು ಹೇಳಲ್ಲ. ಆ ಕತೆಯ ಜೊತೆ ತಳುಕು ಹಾಕಿಕೊಂಡಿರುವ ವೈಮಾನಿಕ ಶಾಸ್ತ್ರವನ್ನು ಹೇಳಿ ಬರೆಸಿದವರು ನಮ್ಮ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು. 1974ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಐವರು ಅದನ್ನು ಕೂತು ಪರೀಕ್ಷೆ ಮಾಡಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ಹೇಳಿದ ಯಂತ್ರಗಳು ಹಾರುವಂಥವೂ ಅಲ್ಲ ಅನ್ನುವ ತೀರ್ಮಾನಕ್ಕೆ ಬಂದರು. ಆದರೂ 2015ರ ಸೈನ್ಸ್ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಓದಿಸಿದ್ರು. ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಮೊದಲ ವಿಮಾನ ಹಾರಿಸಿದ್ದು ಸಾಂತೋಸ್ ಡುಮಾಂಟ್ ಅಂತ ಬ್ರೆಜಿಲ್‌ನ ಮಕ್ಕಳು ಇವತ್ತಿಗೂ ಕಲಿಯುತ್ತಾರೆ. ನನ್ನ ಮಟ್ಟಿಗೆ 1903ರ ಡಿಸೆಂಬರ್ 17ರ ರೈಟ್ ಸಹೋದರರ ಹಾರಾಟಕ್ಕೆ ಇರುವ ಸಾಕ್ಷಿ ಗಟ್ಟಿಯಾದದ್ದು, ಆ ವಾದ ಅಲ್ಲಿಗೆ ಮುಗೀತು. ಸಾಂತೋಸ್ ಡುಮಾಂಟ್ ದೊಡ್ಡವನಾಗೋಕೆ ಮೊದಲಿಗನಾಗಬೇಕಾಗಿಲ್ಲ.

ಹುಟ್ಟಿದ್ದು 1873ರ ಜುಲೈ 20ರಂದು, ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ. ಅಪ್ಪ ಎಂಜಿನಿಯರ್, ಆಮೇಲೆ ಕಾಫಿ ದೊರೆ. ಸಾವೊ ಪಾಲೊ ಪ್ರಾಂತ್ಯದ ಅವರ ತೋಟ ಎಷ್ಟು ದೊಡ್ಡದೆಂದರೆ ಕಾಫಿ ಸಾಗಿಸೋಕೆ ತೋಟದೊಳಗೇ ಸ್ವಂತ ರೈಲು ಇತ್ತು. ಹುಡುಗ ಆ ರೈಲಿನ ಉಗಿ ಎಂಜಿನ್ ಓಡಿಸುತ್ತ, ಕಾಫಿ ಬೀಜ ಬಿಡಿಸುವ ಯಂತ್ರ ಕೆಟ್ಟರೆ ಬಿಚ್ಚಿ ನೋಡುತ್ತ ಬೆಳೆದ. ಕೊಡಗು, ಚಿಕ್ಕಮಗಳೂರಿನವರಿಗೆ ಈ ಚಿತ್ರ ತಟ್ಟನೆ ಅರ್ಥ ಆಗ್ತದೆ. ಇನ್ನೊಂದನ್ನೂ ಜೊತೆಗೇ ಹೇಳಬೇಕು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ, ಆಗ ಅವನಿಗೆ 14 ವರ್ಷ. ಆ ದೇಶದ ಕಾಫಿ ಸಂಪತ್ತು ಯಾರ ಬೆನ್ನಿನ ಮೇಲೆ ನಿಂತಿತ್ತು ಅನ್ನೋದು ಗೊತ್ತಿರುವ ವಿಷಯ. ಮುಂದೆ ಅವನು ತೋರಿಸಿದ ಉದಾರತನವನ್ನು ಹೊಗಳುವಾಗೆಲ್ಲ ನನಗೆ ಇದು ನೆನಪಾಗ್ತದೆ. ಬಿಟ್ಟಿ ಕೊಡೋಕೂ ಕೈಯಲ್ಲಿ ಏನಾದರೂ ಇರಬೇಕಲ್ಲ.

ಅಪ್ಪ ಬಿದ್ದು ಪಾರ್ಶ್ವವಾಯು ಬಡಿದ ಮೇಲೆ ತೋಟ ಮಾರಿದರು, ಮಗನ ಪಾಲು ಕೈಗಿಟ್ಟು ಪ್ಯಾರಿಸ್‌ಗೆ ಕಳಿಸಿದರು. ಹುಡುಗ ಕಾಲೇಜಿನ ಡಿಗ್ರಿ ಗೋಜಿಗೆ ಹೋಗಲಿಲ್ಲ. ಬಲೂನಿನಲ್ಲಿ ಹಾರೋದು ಕಲಿತ. ಬಲೂನು ಗಾಳಿ ಹೋದ ಕಡೆ ಹೋಗ್ತದೆ, ಅದಕ್ಕೆ ಪೆಟ್ರೋಲ್ ಎಂಜಿನ್ ಕಟ್ಟಿ ನಮಗೆ ಬೇಕಾದ ಕಡೆ ತಿರುಗಿಸಬೇಕು ಅನ್ನೋದು ಅವನ ಹಟ. ಹೈಡ್ರೋಜನ್ ತುಂಬಿದ ಚೀಲದ ಕೆಳಗೆ ಬೆಂಕಿ ಕಾರುವ ಎಂಜಿನ್, ಯೋಚನೆ ಮಾಡಿ. 1898ರಿಂದ ಒಂದಾದ ಮೇಲೊಂದು ಕಟ್ಟಿದ, ಒಂದಾದ ಮೇಲೊಂದು ಬೀಳಿಸಿದ. 1901ರ ಆಗಸ್ಟ್‌ನಲ್ಲಿ ಐದನೆಯದು ಒಂದು ಹೋಟೆಲಿನ ಮಾಡಿಗೆ ಬಡಿದು ಹರಿದೇ ಹೋಯ್ತು, ಇವನು ಗೋಡೆ ಪಕ್ಕ ಜೋತಾಡುತ್ತ ಉಳಿದುಕೊಂಡ. ಅದೇ ವರ್ಷ ಅಕ್ಟೋಬರ್ 19ಕ್ಕೆ ಆರನೆಯದರಲ್ಲಿ ಸೇಂಟ್ ಕ್ಲೂನಿಂದ ಹೊರಟು ಐಫೆಲ್ ಗೋಪುರ ಸುತ್ತಿ ವಾಪಸ್ ಬಂದ. ಷರತ್ತು 30 ನಿಮಿಷದ್ದು. ಹಗ್ಗ ಹಿಡಿದು ಇಳಿಸುವಷ್ಟರಲ್ಲಿ ಕೆಲವು ಸೆಕೆಂಡು ಮೇಲಾಗಿತ್ತು. ತೀರ್ಪುಗಾರರು ತಕರಾರು ತೆಗೆದರೂ ಪ್ಯಾರಿಸ್ ಜನ ಬಿಡಲಿಲ್ಲ. ಕೊನೆಗೆ ಒಂದು ಲಕ್ಷ ಫ್ರಾಂಕ್‌ನ ಬಹುಮಾನ ಅವನಿಗೇ ಬಂತು. ಒಂದು ಪಾಲನ್ನು ತನ್ನ ಮೆಕ್ಯಾನಿಕ್‌ಗಳಿಗೆ ಹಂಚಿದ. ಇನ್ನೊಂದು ಪಾಲು ಪ್ಯಾರಿಸ್‌ನ ಬಡವರಿಗೆ, ಅದರಲ್ಲೂ ಗಿರವಿ ಇಟ್ಟಿದ್ದ ಕಸುಬಿನ ಸಾಮಾನು ಬಿಡಿಸಿಕೊಳ್ಳೋಕೆ. ಈ ಕೊನೆಯ ವಿವರ ನನಗೆ ಬಹಳ ಇಷ್ಟ. ಅನ್ನದಾನ ಮಾಡೋದು ಬೇರೆ, ಬಡಗಿಗೆ ಅವನ ಉಳಿ ವಾಪಸ್ ಕೊಡಿಸೋದು ಬೇರೆ.

1906ರ ಅಕ್ಟೋಬರ್ 23ರಂದು ಅವನ 14 ಬಿಸ್ ಎಂಬ ವಿಮಾನ ಪ್ಯಾರಿಸ್‌ನ ಬಗಾತೆಲ್ ಮೈದಾನದಲ್ಲಿ ಜನರ ಮುಂದೆ 60 ಮೀಟರ್ ಹಾರಿತು, ನವೆಂಬರ್ 12ಕ್ಕೆ 220 ಮೀಟರ್. ನೋಡೋಕೆ ಅದು ಡಬ್ಬಿ ಗಾಳಿಪಟಗಳನ್ನು ಸೇರಿಸಿ ಕಟ್ಟಿದ ಹಾಗಿತ್ತು, ನಿಜಕ್ಕೂ ಹಾಗೇ. ಆ ಡಬ್ಬಿ ಗಾಳಿಪಟ ಆಸ್ಟ್ರೇಲಿಯಾದ ಲಾರೆನ್ಸ್ ಹಾರ್ಗ್ರೇವ್‌ನದು. ಅವನೂ ಪೇಟೆಂಟ್ ಬೇಡ ಎಂದವನೇ, ಮಾಡಿದ್ದನ್ನೆಲ್ಲ ಬರೆದು ಪ್ರಕಟಿಸುತ್ತಿದ್ದ. ಅತ್ತ ರೈಟ್ ಸಹೋದರರಿಗೆ 1906ರ ಮೇನಲ್ಲಿ ಪೇಟೆಂಟ್ ಸಿಕ್ಕಿತ್ತು. 1909ರಿಂದ ಕೋರ್ಟು ಕಚೇರಿ ಶುರುವಾಗಿ, ಅಮೆರಿಕದಲ್ಲಿ ವಿಮಾನ ಕಟ್ಟೋದಕ್ಕಿಂತ ಅದರ ಕೇಸು ನಡೆಸೋದೇ ದೊಡ್ಡ ಕೆಲಸ ಆಯ್ತು. ಕಡೆಗೆ 1917ರಲ್ಲಿ ಯುದ್ಧ ಎದುರಿಗೆ ಬಂದಾಗ ಸರ್ಕಾರವೇ ಒತ್ತಾಯ ಮಾಡಿ ಪೇಟೆಂಟ್‌ಗಳನ್ನು ಒಂದೇ ಬುಟ್ಟಿಗೆ ಹಾಕಿಸಿತು.

ಇನ್ನು ನಮ್ಮ ಕೊಟ್ಟಿಗೆಯಲ್ಲಿರೋದು. ಡೆಮೊಯ್ಸೆಲ್ ಅಂತ ಅದರ ಹೆಸರು, ಫ್ರೆಂಚಿನಲ್ಲಿ ಕನ್ಯೆ ಅಂತಲೂ ಆಗ್ತದೆ, ಒಂದು ಜಾತಿಯ ಪುಟ್ಟ ಏರೋಪ್ಲೇನ್ ಚಿಟ್ಟೆಗೂ ಅದೇ ಹೆಸರು. 1907ರಲ್ಲಿ ಮೊದಲನೆಯದು, 1909ರಲ್ಲಿ ಸುಧಾರಿಸಿದ್ದು. ರೆಕ್ಕೆಯ ಹರವು ಐದು ಮೀಟರ್ ಚಿಲ್ಲರೆ, ಅಂದರೆ ನಮ್ಮ ಅಂಗಳದಲ್ಲಿ ಹಿಡಿಸುವಷ್ಟು. ಒಡಲು ಬಿದಿರು, ಸಂದುಗಳಲ್ಲಿ ಲೋಹದ ತೋಳು, ರೆಕ್ಕೆಗೆ ರೇಷ್ಮೆ. ಎಂಜಿನ್ ರೆಕ್ಕೆ ಮೇಲೆ, ಮನುಷ್ಯ ರೆಕ್ಕೆ ಕೆಳಗೆ, ಎರಡು ಗಾಲಿಗಳ ನಡುವೆ, ಹೆಚ್ಚುಕಮ್ಮಿ ನೆಲಕ್ಕೆ ತಾಗಿ ಕೂರೋದು. ಬಾಲ ಪೂರ್ತಿಯಾಗಿ ಒಂದೇ ಕೀಲಿನ ಮೇಲೆ ಆ ಕಡೆ ಈ ಕಡೆ, ಮೇಲೆ ಕೆಳಗೆ ಆಡ್ತದೆ. ವಿಮಾನ ಓರೆಯಾದರೆ ಸರಿ ಮಾಡೋದು ಹೇಗೆ? ಅವನ ಕೋಟಿನ ಬೆನ್ನಿಗೆ ಒಂದು ಜೇಬು ಹೊಲಿಸಿದ್ದ, ರೆಕ್ಕೆ ತಿರುಚುವ ತಂತಿಯ ಸರಳು ಅದರೊಳಗೆ. ಮೈ ಎಡಕ್ಕೆ ವಾಲಿಸಿದರೆ ರೆಕ್ಕೆ ತಿರುಚುತ್ತಿತ್ತು. ಬೈಕ್ ಓಡಿಸುವವರಿಗೆ ವಿವರಿಸಬೇಕಾಗಿಲ್ಲ. ಅವನು ಸಣಕಲ, ಐವತ್ತು ಕೆಜಿ ಆಸುಪಾಸು, ಅದಕ್ಕೇ ಇದೆಲ್ಲ ನಡೀತು. 1909ರ ಸೆಪ್ಟೆಂಬರ್‌ನಲ್ಲಿ ಇದರಲ್ಲಿ ಸೇಂಟ್ ಸೀರ್‌ನಿಂದ ಬುಕ್‌ಗೆ ಎಂಟು ಕಿಲೋಮೀಟರನ್ನು ಐದೇ ನಿಮಿಷದಲ್ಲಿ ಹಾರಿದ.

ಇದಕ್ಕೆ ಅವನು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಫ್ರಾನ್ಸ್‌ನ ಒಂದು ಕಾರ್ಖಾನೆ ಅದನ್ನು ಮಾಡಿ ಮಾರಿತು, ಇವನು ಅದಕ್ಕೆ ಅಡ್ಡಿ ಮಾಡಲಿಲ್ಲ. ಕೊಳ್ಳೋಕಾಗದವರಿಗೆ ಅಳತೆ ಸಮೇತ ನಕ್ಷೆ ಇತ್ತು.

ನಾವು ಆ ನಕ್ಷೆ ಹರಡಿಕೊಂಡು ಕೂತಾಗ ಮಾವ ಬಂದು ಬಗ್ಗಿ ನೋಡಿದರು. ಜೊಯಿಡಾ ಕಡೆಯ ಕಾಡಂಚಿನ ಹಳೇ ತಲೆಮಾರಿನವರಿಗೆ ಬಿದಿರೆಂದರೆ ಮನೆ, ತಟ್ಟಿ, ಬುಟ್ಟಿ, ಕಳಲೆ ಪಲ್ಯ, ಎಲ್ಲವೂ. ಇದು ಹಾರ್ತದೆ ಅಂದಾಗ ಅವರು ನಗಲಿಲ್ಲ. ಬಿದಿರು ಯಾವಾಗ ಕಡಿದದ್ದು ಅಂತ ಕೇಳಿದರು. ನಮ್ಮ ಬೇಲಿಯ ಮೆಳೆಯಿಂದ ಹಿಂದಿನ ವಾರ ಕಡಿದಿದ್ದೆವು, ತಿಥಿ ಯಾರು ನೋಡ್ತಾರೆ. ಹುಣ್ಣಿಮೆ ಹತ್ತಿರದಲ್ಲಿ ಕಡಿದಿದ್ದಕ್ಕೆ ಹುಳ ಹಿಡೀತದೆ ಅಂತ ಹೇಳಿ ಒಳಗೆ ಹೋದರು.

ಬಿದಿರಿನ ವಿಷಯದಲ್ಲಿ ಹಳ್ಳಿಯವರ ಮಾತನ್ನು ತಳ್ಳಿಹಾಕಿ ಕೆಟ್ಟವರು ನಾವೇ ಮೊದಲಲ್ಲ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಅದಕ್ಕೆ ಸಿಕ್ಕ ಬಿದಿರಿನ ದರ ಟನ್ನಿಗೆ ಒಂದೂವರೆ ರೂಪಾಯಿ ಅಂತ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವವರು ಮಾರುಕಟ್ಟೆಯಲ್ಲಿ ಅದೇ ಬಿದಿರಿಗೆ ಕೊಡುತ್ತಿದ್ದದ್ದು ಅದರ ನೂರಾರು ಪಟ್ಟು. ಬಿದಿರು ಖಾಲಿಯಾಗ್ತಿದೆ ಎಂಬ ಕೂಗೆದ್ದ ಮೇಲೆ 1970ರ ದಶಕದಲ್ಲಿ ಅವರು ಉತ್ತರ ಕನ್ನಡದ ಕಾಡು ತಿರುಗಿ ಅಧ್ಯಯನ ಮಾಡಿದರು. ಮೆಳೆಯ ಬುಡದ ಮುಳ್ಳನ್ನು ತೆಗೆದರೆ ಚೆನ್ನಾಗಿ ಬೆಳೀತದೆ ಅಂತ ತಿಳಿದವರು ನಂಬಿದ್ದರು, ಮುಳ್ಳೇ ಎಳೆ ಕಳಲೆಗೆ ಕಾವಲು ಅಂತ ಹಳ್ಳಿಯವರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರದ್ದೇ ಸರಿ ಇತ್ತು. ಕಾನೂನಿನ ಲೆಕ್ಕದಲ್ಲಿ ಬಿದಿರು 1927ರ ಅರಣ್ಯ ಕಾಯ್ದೆಯಿಂದ ಮರವಾಗಿತ್ತು, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಆಯ್ತು. ಕಾಡಿನ ಹೊರಗೆ ಬೆಳೆದದ್ದು ಮರ ಅಲ್ಲ ಅಂತ ತಿದ್ದಿಕೊಂಡಿದ್ದು 2017ರಲ್ಲಿ. ಪ್ಯಾರಿಸ್‌ನಲ್ಲಿ ಬಿದಿರು ವಿಮಾನವಾಗಿ ಹಾರಿ ನೂರು ವರ್ಷ ಕಳೆದ ಮೇಲೆ.

ಹಂಚಿದ್ದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದು ಅವನ ಬದುಕಿನ ಎರಡನೇ ಅರ್ಧ. 1909ರಲ್ಲಿ ಒಬ್ಬ ಫ್ರೆಂಚ್ ಯುವಕ ಡೆಮೊಯ್ಸೆಲ್ ಕೊಂಡು ಅದರಲ್ಲೇ ಹಾರೋದು ಕಲಿತ. ಹೆಸರು ರೋಲಾಂಡ್ ಗ್ಯಾರೋಸ್. ಹೌದು, ಟೆನಿಸ್ ಕ್ರೀಡಾಂಗಣಕ್ಕೆ ಇಟ್ಟಿರೋದು ಅವನದೇ ಹೆಸರು. 1915ರಲ್ಲಿ ಅವನು ತನ್ನ ವಿಮಾನದ ಪ್ರೊಪೆಲ್ಲರಿಗೆ ಉಕ್ಕಿನ ಪಟ್ಟಿ ಕಟ್ಟಿ, ಅದರ ನಡುವಿಂದ ಮಷಿನ್ ಗನ್ ಹಾರಿಸಿ ಜರ್ಮನ್ ವಿಮಾನಗಳನ್ನು ಬೀಳಿಸಿದ. ಯುದ್ಧವಿಮಾನದ ಯುಗ ಅಲ್ಲಿಂದ ಶುರು ಅಂತಲೇ ಹೇಳಬಹುದು. ಅಷ್ಟರಲ್ಲಿ ಸಾಂತೋಸ್ ಡುಮಾಂಟ್ ಹಾರಾಟ ಬಿಟ್ಟು ಐದು ವರ್ಷ ಆಗಿತ್ತು. ಕೈಕಾಲು ಸ್ವಾಧೀನ ತಪ್ಪಿಸುವ ಕಾಯಿಲೆ. 1914ರಲ್ಲಿ ಯುದ್ಧ ಶುರುವಾದಾಗ ಅವನು ಫ್ರಾನ್ಸ್‌ನ ಕಡಲ ದಂಡೆಯ ಮನೆಯಲ್ಲಿ ದೂರದರ್ಶಕ ಇಟ್ಟು ನಕ್ಷತ್ರ ನೋಡುತ್ತಿದ್ದ. ಪರದೇಶಿ ಉಚ್ಚಾರ, ಕಡಲಿನ ಕಡೆ ದುರ್ಬೀನು, ಅಷ್ಟು ಸಾಕಾಯ್ತು, ಜರ್ಮನ್ ಗೂಢಚಾರ ಅಂತ ನೆರೆಯವರು ದೂರು ಕೊಟ್ಟರು. ಒಂದು ಕಾಲಕ್ಕೆ ಅವನಿಗಾಗಿ ಬೀದಿಗಿಳಿದಿದ್ದ ದೇಶದಲ್ಲೇ ಮನೆ ಜಡ್ತಿ ಆಯ್ತು. ಅವಮಾನ ತಡೆಯದೆ ಅವನು ತನ್ನ ಕಾಗದಪತ್ರ, ನಕ್ಷೆಗಳಿಗೆ ಬೆಂಕಿ ಇಟ್ಟ. ಅನುಮಾನದ ಮೇಲೆ ಮನೆ ಹುಡುಕೋದು ನಮಗೇನೂ ಹೊಸದಲ್ಲ ಬಿಡಿ.

ಬ್ರೆಜಿಲ್‌ಗೆ ಮರಳಿ ಪೆಟ್ರೋಪೊಲಿಸ್‌ನ ಗುಡ್ಡದ ಮೇಲೆ ಪುಟ್ಟ ಮನೆ ಕಟ್ಟಿಸಿಕೊಂಡ. ಅದರ ಮೆಟ್ಟಿಲು ಒಂದೊಂದೂ ಅರ್ಧ ಕತ್ತರಿಸಿದ್ದು, ಬಲಗಾಲಿಟ್ಟೇ ಹತ್ತಬೇಕು. ನಮ್ಮ ಅಜ್ಜಿ ಕೇಳಿದ್ದರೆ ಖುಷಿಪಡುತ್ತಿದ್ದರು. 1926ರಲ್ಲಿ ಲೀಗ್ ಆಫ್ ನೇಷನ್ಸ್‌ಗೆ ಬರೆದು, ವಿಮಾನವನ್ನು ಯುದ್ಧದ ಆಯುಧವಾಗಿ ಬಳಸದಂತೆ ತಡೆಯಿರಿ ಅಂತ ಬೇಡಿಕೊಂಡ. ಯಾರೂ ಕಿವಿಗೊಡಲಿಲ್ಲ. 1928ರ ಡಿಸೆಂಬರ್ 3ರಂದು ಹಡಗಿನಲ್ಲಿ ರಿಯೋಗೆ ಬರುತ್ತಿದ್ದಾಗ ಸ್ವಾಗತಕ್ಕೆ ಅಂತ ಅವನದೇ ಹೆಸರಿಟ್ಟ ಕಡಲ ವಿಮಾನವೊಂದು ಹೂ ಚೆಲ್ಲಲು ಬಂದು ಅವನ ಕಣ್ಣೆದುರೇ ನೀರಿಗೆ ಬಿತ್ತು. ಒಳಗಿದ್ದವರು ಯಾರೂ ಉಳಿಯಲಿಲ್ಲ.

1932ರ ಜುಲೈನಲ್ಲಿ ಸಾವೊ ಪಾಲೊ ಪ್ರಾಂತ್ಯ ವರ್ಗಾಸ್ ಸರ್ಕಾರದ ವಿರುದ್ಧ ದಂಗೆ ಎದ್ದಿತು, ಸರ್ಕಾರ ವಿಮಾನ ಕಳಿಸಿತು. ಬ್ರೆಜಿಲ್ ವಿಮಾನಗಳು ಬ್ರೆಜಿಲ್‌ನವರ ಮೇಲೇ ಬಾಂಬ್ ಹಾಕೋಕೆ. ಸಾಂತೋಸ್ ಡುಮಾಂಟ್ ಆಗ ಅದೇ ಪ್ರಾಂತ್ಯದ ಗ್ವಾರುಜಾ ಎಂಬ ಕಡಲೂರಿನ ಹೋಟೆಲಿನಲ್ಲಿದ್ದ. ಜುಲೈ 23ರಂದು, ಜೊತೆಗಿದ್ದ ಸೋದರಳಿಯ ಹೊರಗೆ ಹೋಗಿದ್ದ ಹೊತ್ತಿನಲ್ಲಿ, ತನ್ನ ಕೈಯಾರೆ ಜೀವ ಕಳೆದುಕೊಂಡ. 59 ವರ್ಷ. ವರ್ಷಗಟ್ಟಲೆಯ ಕಾಯಿಲೆ, ಖಿನ್ನತೆ ಎಲ್ಲ ಇತ್ತು, ಬಾಂಬ್ ಒಂದೇ ಕಾರಣ ಅಂತ ಹೇಳೋದು ಸಿನಿಮಾದ ಸರಳತೆ ಆಗ್ತದೆ. ರಾಷ್ಟ್ರವೀರ ಹಾಗೆ ಸಾಯಬಾರದು ಅಂತ ಸರ್ಕಾರಿ ಕಾಗದದಲ್ಲಿ ಸಾವಿನ ಕಾರಣ ಮುಚ್ಚಿಟ್ಟರು. ಅವನ ಹೃದಯವನ್ನು ಮಾತ್ರ ತೆಗೆದು ಗೋಳದೊಳಗಿಟ್ಟಿದ್ದಾರೆ. ಅದು ಈಗ ಇರೋದು ಬ್ರೆಜಿಲ್ ವಾಯುಪಡೆಯ ಮ್ಯೂಸಿಯಂನಲ್ಲಿ. ವಾಯುಪಡೆಯ.

ನಮ್ಮ ಬಿದಿರಿಗೆ ಮಳೆಗಾಲ ಮುಗಿಯೋದ್ರೊಳಗೆ ಹುಳ ಹಿಡೀತು. ಮುಟ್ಟಿದರೆ ಗಳದಿಂದ ಹಳದಿ ಪುಡಿ ಉದುರ್ತದೆ. ಹಾರಿಸೋಕೆ ಡಿಜಿಸಿಎ ಅನುಮತಿ ಬೇಕು, ಹುಲಿ ಸಂರಕ್ಷಿತ ಪ್ರದೇಶದ ನಡುವಿನ ಊರಲ್ಲಿ ಅದು ಸಿಗೋ ಮಾತಲ್ಲ ಅನ್ನೋದು ಗೊತ್ತಿದ್ದೇ ಶುರು ಮಾಡಿದ್ದು, ಹಾಗಾಗಿ ನಷ್ಟ ಏನಿಲ್ಲ ಅಂತ ನಾನು ಹೇಳಿಕೊಳ್ತೇನೆ. ಮಾವನ ಮಗ ಒಪ್ಪಲ್ಲ. ಈಗ ಅವನು ಗೋವಾದಲ್ಲಿ ಕೆಲಸದಲ್ಲಿದ್ದಾನೆ. ಹೋದ ವಾರ ಫೋನ್ ಮಾಡಿ, ಬರೋ ಅಮಾವಾಸ್ಯೆ ಯಾವತ್ತು ಅಂತ ಅವರಪ್ಪನನ್ನ ಕೇಳು ಅಂದ.