ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (ಜುಲೈ 17, 1837 – ಜುಲೈ 10, 1927) ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಶಿಕ್ಷಣಾಧಿಕಾರಿ, ಇತಿಹಾಸಕಾರ ಹಾಗೂ ಶಾಸನತಜ್ಞರು. ಹಳೆಯ ಮೈಸೂರು ಮತ್ತು ಕೊಡಗು ಪ್ರದೇಶಗಳ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಹನ್ನೆರಡು ಸಂಪುಟಗಳ ಮಾಲೆಯಲ್ಲಿ ಪ್ರಕಟಿಸಿದರು. ಇದಕ್ಕಾಗಿ ಅವರನ್ನು ಕರ್ನಾಟಕದ 'ಶಾಸನ ಪಿತಾಮಹ' ಎಂದು ಗೌರವಿಸಲಾಗುತ್ತದೆ. ಯಳಂದೂರು ಸೇರಿದಂತೆ ಇಂದಿನ ಚಾಮರಾಜನಗರ ಜಿಲ್ಲೆಯ ಹಲವು ಗ್ರಾಮಗಳ ಶಾಸನಗಳು ಮೊದಲ ಬಾರಿಗೆ ವ್ಯವಸ್ಥಿತವಾಗಿ ಮುದ್ರಣಗೊಂಡದ್ದು ಈ ಮಾಲೆಯಲ್ಲಿಯೇ.

ಜನನ ಮತ್ತು ವಿದ್ಯಾಭ್ಯಾಸ

ರೈಸ್ ಜನಿಸಿದ್ದು ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ ಸಂಸ್ಥೆಗೆ ಸೇರಿದ ಧರ್ಮಪ್ರಚಾರಕರಾಗಿದ್ದು, ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದರು. ರೈಸ್ ಅವರು ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ 1860ರಲ್ಲಿ ಬೆಂಗಳೂರಿಗೆ ಮರಳಿದರು. ಮುಂದೆ ಸೆಂಟ್ರಲ್ ಕಾಲೇಜ್ ಎಂದು ಹೆಸರಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಅವರ ವೃತ್ತಿಜೀವನ ಆರಂಭವಾಯಿತು.

ಶಿಕ್ಷಣ ಇಲಾಖೆಯಲ್ಲಿ

1865ರಲ್ಲಿ ರೈಸ್ ಶಾಲಾ ತನಿಖಾಧಿಕಾರಿಯಾಗಿ ನೇಮಕಗೊಂಡರು. ಬಳಿಕ ಮೈಸೂರು ಮತ್ತು ಕೊಡಗು ಪ್ರಾಂತ್ಯಗಳ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಪ್ರತಿ ಹೋಬಳಿಗೂ ಒಂದು ಪ್ರಾಥಮಿಕ ಶಾಲೆ ಇರಬೇಕೆಂಬ ಹೋಬಳಿ ಶಾಲೆಗಳ ಯೋಜನೆ ಅವರ ಕಾಲದಲ್ಲಿ ಜಾರಿಗೆ ಬಂದಿತು. 1882ರಲ್ಲಿ ರಚನೆಯಾದ ಭಾರತೀಯ ಶಿಕ್ಷಣ ಆಯೋಗದ (ಹಂಟರ್ ಆಯೋಗ) ಕಾರ್ಯದರ್ಶಿಯಾಗಿಯೂ ಅವರು ಕೆಲಸ ಮಾಡಿದರು.

ಶಾಲೆಗಳ ತನಿಖೆಗಾಗಿ ಸಂಸ್ಥಾನದ ಹಳ್ಳಿಗಳನ್ನು ಸುತ್ತುವಾಗ ದೇವಾಲಯದ ಅಂಗಳ, ಕೆರೆಯ ಏರಿ, ಹೊಲದ ಬದುಗಳಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಗಮನ ಸೆಳೆದವು. ಅವುಗಳಲ್ಲಿ ಹೆಚ್ಚಿನವು ಹಳಗನ್ನಡದಲ್ಲಿದ್ದು, ಊರಿನವರಿಗೆ ಓದಲು ಬಾರದಂತಿದ್ದವು. ರಾಜರ ಹೆಸರು, ದತ್ತಿ, ಯುದ್ಧ, ತುರುಗಾಳಗದಲ್ಲಿ ಮಡಿದ ವೀರರ ವಿವರಗಳನ್ನು ಒಳಗೊಂಡ ಈ ಕಲ್ಲುಗಳೇ ನಾಡಿನ ಚರಿತ್ರೆಗೆ ಮುಖ್ಯ ಆಧಾರವೆಂದು ರೈಸ್ ಮನಗಂಡರು.

ಮೈಸೂರು ಗೆಜೆಟಿಯರ್

ಮೈಸೂರು ಮತ್ತು ಕೊಡಗಿನ ಭೂಗೋಳ, ಇತಿಹಾಸ, ಆಡಳಿತ ಹಾಗೂ ಜನಜೀವನವನ್ನು ವಿವರಿಸುವ ಗೆಜೆಟಿಯರನ್ನು ರೈಸ್ ಸಿದ್ಧಪಡಿಸಿದರು. ಇದರ ಮೂರು ಸಂಪುಟಗಳು 1876ರಿಂದ 1878ರ ಅವಧಿಯಲ್ಲಿ ಪ್ರಕಟವಾದವು. ಪರಿಷ್ಕೃತ ಆವೃತ್ತಿ 1897ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಯಳಂದೂರಿನ ವಿವರಗಳೂ ಇದರಲ್ಲಿ ಸೇರಿವೆ.

ಶಾಸನಗಳ ಸಂಗ್ರಹ

1865ರ ಸುಮಾರಿನಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸಂಸ್ಥಾನದ ಕೆಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಕಾರ್ಯ ರೈಸ್ ಅವರ ಪಾಲಿಗೆ ಬಂದಿತು. ಇದರ ಫಲವಾಗಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಗ್ರಂಥ 1879ರಲ್ಲಿ ಪ್ರಕಟವಾಯಿತು. ಕೆಲವೇ ಶಾಸನಗಳಿಂದ ನಾಡಿನ ಚರಿತ್ರೆ ಪೂರ್ಣವಾಗದೆಂಬುದು ಈ ಕೆಲಸದಿಂದ ಸ್ಪಷ್ಟವಾಗಿ, ಸಂಸ್ಥಾನದ ಪ್ರತಿ ತಾಲ್ಲೂಕಿನಲ್ಲಿಯೂ ಶಾಸನಗಳ ಸಮೀಕ್ಷೆ ನಡೆಸುವ ಯೋಜನೆ ರೂಪುಗೊಂಡಿತು.

1885ರಲ್ಲಿ ರೈಸ್ ಅವರಿಗೆ ಪ್ರಾಕ್ತನ ಸಂಶೋಧನೆಯ ಹೊಣೆಯನ್ನು ವಹಿಸಲಾಯಿತು. ಮೊದಲು ಇತರ ಕೆಲಸಗಳ ಜೊತೆಯಲ್ಲಿ ಇದನ್ನು ನಿರ್ವಹಿಸುತ್ತಿದ್ದ ಅವರು 1890ರಿಂದ ಪೂರ್ಣಾವಧಿ ನಿರ್ದೇಶಕರಾಗಿ, 1906ರಲ್ಲಿ ನಿವೃತ್ತರಾಗುವವರೆಗೆ ಆ ಸ್ಥಾನದಲ್ಲಿದ್ದರು. ಶಾಸನಗಳ ಪ್ರತಿ ತೆಗೆಯುವುದರಲ್ಲಿ ಹಾಗೂ ಪಾಠ ನಿರ್ಣಯದಲ್ಲಿ ಕನ್ನಡ, ಸಂಸ್ಕೃತ ಪಂಡಿತರ ತಂಡವೊಂದು ಅವರಿಗೆ ನೆರವಾಯಿತು. ನಿವೃತ್ತಿಯ ನಂತರ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಇಲಾಖೆಯಲ್ಲಿ ಅವರಿಗೆ ಸಹಾಯಕರಾಗಿದ್ದವರೇ.

ಎಪಿಗ್ರಾಫಿಯ ಕರ್ನಾಟಿಕ

ಈ ಮಾಲೆಯ ಮೊದಲ ಸಂಪುಟ (ಕೊಡಗು) 1886ರಲ್ಲಿಯೂ ಎರಡನೆಯದು (ಶ್ರವಣಬೆಳಗೊಳ) 1889ರಲ್ಲಿಯೂ ಪ್ರಕಟವಾದವು. 1905ರ ವೇಳೆಗೆ ಹನ್ನೆರಡು ಸಂಪುಟಗಳು ಪೂರ್ಣಗೊಂಡವು. ಇವುಗಳಲ್ಲಿರುವ ಶಾಸನಗಳ ಒಟ್ಟು ಸಂಖ್ಯೆ 8,869. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಕ್ರಮಸಂಖ್ಯೆ ನೀಡಲಾಗಿದೆ. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮತ್ತು ರಾಜವಂಶಗಳ ಚರಿತ್ರೆಯನ್ನು ವಿವರಿಸುವ ಪೀಠಿಕೆ ಇವುಗಳ ಮುಖ್ಯ ಅಂಗಗಳು. ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಿಂದ ಶಾಸನವನ್ನು ಗುರುತಿಸುವ ಈ ಪದ್ಧತಿಯನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ. ಹಳ್ಳಿಯ ಇತಿಹಾಸ ಬರೆಯಹೊರಟವರು ತಮ್ಮ ಊರಿನ ಕಲ್ಲನ್ನು ಸುಲಭವಾಗಿ ಹುಡುಕಲು ಇದರಿಂದ ಅನುಕೂಲವಾಗಿದೆ.

ಚಾಮರಾಜನಗರ ಪ್ರದೇಶ ಮತ್ತು ಕೊಳ್ಳೇಗಾಲ

ಮೈಸೂರು ಜಿಲ್ಲೆಯ ಶಾಸನಗಳು ಮಾಲೆಯ ಮೂರು ಮತ್ತು ನಾಲ್ಕನೆಯ ಸಂಪುಟಗಳಲ್ಲಿವೆ. 1894ರ ಮೂರನೆಯ ಸಂಪುಟವು ಗಂಗರ ರಾಜಧಾನಿಯಾಗಿದ್ದ ತಲಕಾಡನ್ನು ಒಳಗೊಂಡಿದೆ. 1898ರ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಮುಂತಾದ ತಾಲ್ಲೂಕುಗಳೊಂದಿಗೆ ಯಳಂದೂರು ಜಹಗೀರಿನ ಶಾಸನಗಳೂ ಇವೆ. ಪತಿಯ ಮರಣಾನಂತರ ಅಗ್ನಿಪ್ರವೇಶ ಮಾಡಿದ ದೇಕಬ್ಬೆಯ ಕಥೆಯನ್ನು ಹೇಳುವ ಬೆಳತೂರಿನ 1057ರ ಪ್ರಸಿದ್ಧ ಶಾಸನ ಈ ಸಂಪುಟದ್ದು.

ಆದರೆ ಯಳಂದೂರಿಗೆ ಹೊಂದಿಕೊಂಡಿರುವ ಕೊಳ್ಳೇಗಾಲ ತಾಲ್ಲೂಕು ರೈಸ್ ಅವರ ಸಮೀಕ್ಷೆಯಿಂದ ಹೊರಗುಳಿಯಿತು. ಇಂದಿನ ಹನೂರು ತಾಲ್ಲೂಕಿನ ಮಾರ್ಟಳ್ಳಿ, ರಾಮಾಪುರ, ಮಲೆ ಮಹದೇಶ್ವರ ಬೆಟ್ಟ ಮುಂತಾದ ಸ್ಥಳಗಳನ್ನೂ ಒಳಗೊಂಡಿದ್ದ ಈ ಭಾಗವು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿನ ಶಾಸನಗಳು ಮದರಾಸಿನ ಶಾಸನ ಇಲಾಖೆಯ ವ್ಯಾಪ್ತಿಗೆ ಒಳಪಟ್ಟಿದ್ದವು. ಹೀಗಾಗಿ ಪ್ರಾಚೀನ ಕಾಲದಲ್ಲಿ ಗಂಗ, ಚೋಳ, ಹೊಯ್ಸಳರ ಆಳ್ವಿಕೆಯನ್ನು ಸಮಾನವಾಗಿ ಕಂಡ ನೆರೆಹೊರೆಯ ಊರುಗಳ ದಾಖಲೆಗಳು ಎರಡು ಆಡಳಿತಗಳ ನಡುವೆ ಹಂಚಿಹೋದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತರತೊಡಗಿದ ಪರಿಷ್ಕೃತ ಮಾಲೆಯಲ್ಲಿ ಕೊಳ್ಳೇಗಾಲದ ಶಾಸನಗಳಿಗೂ ಸ್ಥಾನ ದೊರೆಯಿತು.

ಅಶೋಕನ ಶಾಸನಗಳ ಶೋಧ

1892ರಲ್ಲಿ ರೈಸ್ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಬ್ರಾಹ್ಮೀ ಲಿಪಿಯ ಈ ಶಾಸನಗಳನ್ನು ಬರೆದವನು ಚಪಡನೆಂಬ ಲಿಪಿಕಾರ. ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮೌರ್ಯರ ಆಡಳಿತ ಕರ್ನಾಟಕದವರೆಗೆ ಹಬ್ಬಿತ್ತೆಂಬುದಕ್ಕೆ ಇವು ನೇರ ಸಾಕ್ಷ್ಯವಾದವು.

ಸಾಹಿತ್ಯ ಸೇವೆ

ಓಲೆಗರಿಗಳಲ್ಲಿ ಉಳಿದಿದ್ದ ಪ್ರಾಚೀನ ಕೃತಿಗಳನ್ನು ಮುದ್ರಿಸಲು ರೈಸ್ 'ಬಿಬ್ಲಿಯೋಥಿಕ ಕರ್ನಾಟಿಕ' ಮಾಲೆಯನ್ನು ಆರಂಭಿಸಿದರು. ಎರಡನೆಯ ನಾಗವರ್ಮನ 'ಕರ್ಣಾಟಕ ಭಾಷಾಭೂಷಣ' (1884), ಭಟ್ಟಾಕಳಂಕನ 'ಕರ್ಣಾಟಕ ಶಬ್ದಾನುಶಾಸನ' (1890) ಹಾಗೂ 'ಪಂಪಭಾರತ' (1898) ಇದರಲ್ಲಿ ಪ್ರಕಟವಾದ ಮುಖ್ಯ ಕೃತಿಗಳು. ಕೆ. ಬಿ. ಪಾಠಕರು ಸಂಪಾದಿಸಿದ 'ಕವಿರಾಜಮಾರ್ಗ'ವೂ 1898ರಲ್ಲಿ ಇದೇ ಮಾಲೆಯಲ್ಲಿ ಹೊರಬಂದಿತು.

ವಿಮರ್ಶೆ

ರೈಸ್ ಅವರ ಕೆಲವು ತೀರ್ಮಾನಗಳು ವಿವಾದಕ್ಕೆ ಒಳಗಾದವು. ಗಂಗರ ಅನೇಕ ತಾಮ್ರಶಾಸನಗಳು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರೆ, ಅವು ನೈಜವೆಂದು ರೈಸ್ ಸಮರ್ಥಿಸಿದರು. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಐತಿಹ್ಯದ ವಿಷಯದಲ್ಲಿಯೂ ಇವರಿಬ್ಬರ ನಡುವೆ ಭಿನ್ನಾಭಿಪ್ರಾಯವಿತ್ತು. ಸಾವಿರಾರು ಶಾಸನಗಳನ್ನು ಅಲ್ಪಾವಧಿಯಲ್ಲಿ ಪ್ರಕಟಿಸಬೇಕಾಗಿದ್ದುದರಿಂದ ಕೆಲವು ಪಾಠಗಳಲ್ಲಿ ದೋಷಗಳು ಉಳಿದವು. ಹಲವು ಶಾಸನಗಳು ಬಿಟ್ಟುಹೋದವು. ಶ್ರವಣಬೆಳಗೊಳ ಸಂಪುಟದ ಮೊದಲ ಮುದ್ರಣದಲ್ಲಿ 144 ಶಾಸನಗಳಿದ್ದರೆ, ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವು 500ಕ್ಕೆ ಏರಿದವು. ಆದರೂ ಮುಂದಿನ ಎಲ್ಲ ಪರಿಷ್ಕರಣೆಗಳಿಗೂ ರೈಸ್ ಅವರ ಸಂಪುಟಗಳೇ ತಳಹದಿಯಾದವು. ಕೆರೆ, ಕಟ್ಟಡ, ರಸ್ತೆಗಳ ಕಾಮಗಾರಿಯಲ್ಲಿ ಮೂಲ ಕಲ್ಲು ಒಡೆದು ಅಥವಾ ಹೂತುಹೋದ ಕಡೆಗಳಲ್ಲಿ ಈ ಮುದ್ರಿತ ಪಾಠವೇ ಉಳಿದಿರುವ ಆಧಾರವಾಗುತ್ತದೆ.

ಕೊನೆಯ ದಿನಗಳು

ನಿವೃತ್ತಿಯ ನಂತರ ಇಂಗ್ಲೆಂಡಿನಲ್ಲಿ ನೆಲೆಸಿದ ರೈಸ್, ತಮ್ಮ ಸಂಶೋಧನೆಗಳ ಸಾರವನ್ನು 'ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್' (1909) ಗ್ರಂಥದಲ್ಲಿ ಸಂಗ್ರಹಿಸಿದರು. ಕೊಡಗಿನ ಸಂಪುಟವನ್ನು ಸ್ವತಃ ಪರಿಷ್ಕರಿಸಿ 1914ರಲ್ಲಿ ಮರುಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ವರ್ಷ ತುಂಬಲು ಒಂದು ವಾರವಿರುವಾಗ, ಹ್ಯಾರೋ ಪಟ್ಟಣದಲ್ಲಿ ನಿಧನರಾದರು.